ಪಲ್ಪರ್ ನೀರು ಮತ್ತು ಹಳದಿ ಪುಡಿ

ಸಕಲೇಶಪುರದ ಲಾರಿ ಡ್ರೈವರ್ ಮೆಹಬೂಬರ ಮಗಳು ಶಬೀನಾಗೆ ಸಿಟ್ಟು ಬಂದರೆ ಮಾತು ನಿಂತುಹೋಗುತ್ತಿತ್ತು. 2007ರ ಜನವರಿಯಲ್ಲಿ, ಯಸಳೂರಿನಾಚೆಯ ಒಂದು ಕಾಫಿ ಎಸ್ಟೇಟಿನಲ್ಲಿ, ಪ್ರಯೋಗಕ್ಕೆಂದು ತಾನೇ ಇಟ್ಟಿದ್ದ ಗಾಜಿನ ತೊಟ್ಟಿಗೆ ಬೆರಳದ್ದಿ ಮೂಸಿದವಳು ಹಾಗೇ ನಿಂತುಬಿಟ್ಟಳು. ತೊಟ್ಟಿಯಲ್ಲಿದ್ದದ್ದು ನಲ್ಲಿ ನೀರು.

ಪಿಎಚ್‌ಡಿಗೆಂದು ಅವಳು ವರ್ಷಗಟ್ಟಲೆ ಒಂದು ಹಳದಿ ಪುಡಿಯ ಹಿಂದೆ ಬಿದ್ದಿದ್ದಳು. ಹಿಂದಿನ ಸಂಶೋಧಕರ ಬಿಳಿ ಪುಡಿ ಕೆಲಸ ಮಾಡಲು ಅತಿನೇರಳೆ ಕಿರಣ ಬೇಕಿತ್ತು. ಇವಳದಕ್ಕೆ ಕಣ್ಣಿಗೆ ಕಾಣುವ ಬೆಳಕೇ ಸಾಕು. ಬಿಸಿಲಿಗಿಟ್ಟರೆ ನೀರಿನ ಕೊಳೆಯನ್ನು ಒಡೆದು ಹಾಕುತ್ತಿತ್ತು. ಆದರೆ ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಯಂತ್ರದ ನೀರು ಎಷ್ಟು ಮಂದವೆಂದರೆ ಅದರೊಳಗೆ ಬೆಳಕೇ ಇಳಿಯುತ್ತಿರಲಿಲ್ಲ. ಮೊದಲು ದೊಡ್ಡ ತೊಟ್ಟಿಗಳಲ್ಲಿ ತಿಳಿಗೊಳಿಸಬೇಕು, ಉಳಿದದ್ದಕ್ಕಷ್ಟೇ ಪುಡಿ. ಮಾಲೀಕ ಸುನಿಲ್‌ಕುಮಾರ್‌ಗೆ ಇದನ್ನು ಹೇಳಿ ಹೇಳಿ ಸಾಕಾಗಿತ್ತು. ಆತ ತೊಟ್ಟಿ ಕಟ್ಟಿಸಲಿಲ್ಲ, 'ಬಿಸಿಲಲ್ಲಿ ಶುದ್ಧವಾದ ನೀರು' ಎಂದು ಬೋರ್ಡು ಬರೆಸಿದ. ಅಂದು ಪರದೇಶದ ಕಾಫಿ ಖರೀದಿದಾರರು ಬಂದಿದ್ದರು; ಅವರಿಗೆ ತೋರಿಸಲೆಂದೇ ಅವಳ ತೊಟ್ಟಿಗೆ ನಲ್ಲಿ ನೀರು ತುಂಬಿಸಿದ್ದ.

"ಅವರ ಮುಂದೆ ಸುಮ್ನಿರಮ್ಮ. ನಿಂಗೂ ಹೆಸ್ರು ಬರುತ್ತಲ್ಲ" ಎಂದು ಆತ ಪಿಸುಗುಟ್ಟಿದ.

ಶಬೀನಾ ಬಕೆಟ್ ಹಿಡಿದು, ಪಲ್ಪರ್ ನೀರು ಹರಿದು ಸೇರುವ ಹಳ್ಳಕ್ಕಿಳಿದಳು. ಹಳ್ಳದ ದಡದಲ್ಲೇ ಮನೆಯಿದ್ದ ಭದ್ರಮ್ಮ ಎದುರಾದರು.

"ಎಮ್ಮೆನೂ ಮೂಸಲ್ಲ ಕಣವ್ವ ಈ ನೀರ್ನ. ಕೇಳಕ್ಕೋದ್ರೆ, ಆವಮ್ಮನ ಪುಡಿ ಹಾಕಿದೀವಿ, ಇನ್ನೇನ್ ನಿಂದು ತಕರಾರು ಅಂತಾನೆ ಎಸ್ಟೇಟಿನ್ ಲೆಕ್ಕ ಬರೆಯೋ ಆ ರೈಟರ್ರು."

ಶಬೀನಾಳ ಮುಖ ಕೆಂಪೇರಿತು. ತನ್ನ ಪುಡಿಯನ್ನು ತೋರಿಸಿ ಈ ಹೆಂಗಸಿನ ಬಾಯಿ ಮುಚ್ಚಿಸಿದ್ದರು! ಬಕೆಟ್ ತುಂಬಿಕೊಂಡು ಮೇಲೆ ಬಂದವಳೇ ಗಾಜಿನ ತೊಟ್ಟಿಗೆ ಸುರಿದಳು. ಕೊಳೆತ ವಾಸನೆ ತಾಳದೆ ಖರೀದಿದಾರರೆಲ್ಲ ಹಿಂದೆ ಸರಿದರು.

"ಇಲ್ಲಿಂದ ಹೊರಗೆ ಹೋಗೋ ನೀರು ಇದು. ಇದನ್ನ ಯಾರೂ ಶುದ್ಧ ಮಾಡಿಲ್ಲ."

ಮಾರನೆಯ ದಿನದಿಂದ ಅವಳಿಗೆ ಎಸ್ಟೇಟಿನ ಗೇಟು ತೆರೆಯಲಿಲ್ಲ. "ಲ್ಯಾಬಿನಲ್ಲಿ ಮಾಡಿದ ಬಣ್ಣದ ನೀರಿನ ಪ್ರಯೋಗವಷ್ಟೇ ಬರೆದು ಮುಗಿಸು, ಎಸ್ಟೇಟಿನ ಸುದ್ದಿ ಬೇಡ" ಎಂದರು ಅವಳ ಪಿಎಚ್‌ಡಿ ಮಾರ್ಗದರ್ಶಕ ಪ್ರೊಫೆಸರು. ಅವಳು ಒಪ್ಪಲಿಲ್ಲ. ಭದ್ರಮ್ಮ ಹಳ್ಳದ ನೀರನ್ನು ಕ್ಯಾನಿಗೆ ತುಂಬಿ ಪರೀಕ್ಷೆಗೆಂದು ಅವಳಿಗೆ ಬಸ್ಸಿನಲ್ಲಿ ಕಳಿಸಿದರು. ಪುಡಿ ಎಲ್ಲಿ ಸೋತಿತು ಎಂಬುದೂ ಪ್ರಬಂಧದಲ್ಲಿ ಅಚ್ಚಾಯಿತು.

ಖರೀದಿದಾರರು ಕೈಬಿಟ್ಟ ಮೇಲೆ ಸುನಿಲ್‌ಕುಮಾರ್ ತೊಟ್ಟಿಗಳನ್ನು ಕಟ್ಟಿಸಿದ. ಪೂಜೆಗೆ ಬರಬೇಕೆಂದು ಶಬೀನಾಗೆ ತಾನೇ ಫೋನ್ ಮಾಡಿದ.

"ಭದ್ರಮ್ಮನ ಎಮ್ಮೆ ಆ ನೀರು ಕುಡಿದ ದಿನ ಬರ್ತೀನಿ" ಎಂದು ಅವಳು ಫೋನ್ ಕುಕ್ಕಿದಳು.