ಬಾಗಿಲು ಕೊರೆಯದ ಮೇಸ್ತ್ರಿ

ಬೆಳಗಿನ ಐದೂವರೆ. ಬೀದಿದೀಪಗಳು ಇನ್ನೂ ಆರಿಲ್ಲ. ತಗಡಿನ ಶೆಡ್ಡಿನೊಳಗೆ ಐವತ್ತು ವರ್ಷ ಹಳೆಯದೊಂದು ಹಸಿರು ಕಾರು ನಿಂತಿದೆ. ಒಂದು ಬದಿಯ ಬಾಗಿಲು ತೆರೆದಿದೆ, ಅಲ್ಲಿಂದ ಎರಡು ಬರಿಗಾಲು ಹೊರಗೆ ಚಾಚಿಕೊಂಡಿವೆ. ಕಾಲುಗಳ ಒಡೆಯ ಕಾರಿನ ನೆಲದ ಮೇಲೆ ಅಂಗಾತ ಮಲಗಿದ್ದಾನೆ. ತಲೆ ಡ್ಯಾಶ್‌ಬೋರ್ಡಿನ ಅಡಿ, ಹಲ್ಲಿನ ನಡುವೆ ಟಾರ್ಚು, ಅಂಗೈಯಲ್ಲಿ ತಟ್ಟೆಯಗಲದ ಒಂದು ಸ್ಪೀಕರು. ಚಾಲಕನ ಸೀಟಿನಲ್ಲಿ ಶಾಲು ಹೊದ್ದ ಹೆಂಗಸೊಬ್ಬರು ಕೂತಿದ್ದಾರೆ. ಸಣ್ಣ ದನಿಯಲ್ಲಿ ಹಾಡೊಂದು ನಡೆಯುತ್ತಿದೆ.

ಟಾರ್ಚು ತೆಗೆದು ಕೆಳಗಿನವರು ಕೇಳುತ್ತಾರೆ, “ಈಗ?”

“ಅಲ್ಲ,” ಎನ್ನುತ್ತಾರೆ ಮೇಲಿನವರು.

ಸ್ಪೀಕರು ಒಂದು ಬೆರಳಿನಷ್ಟು ಹಿಂದೆ ಸರಿಯುತ್ತದೆ. “ಈಗ?”

“ಅಲ್ಲ.”

ಇನ್ನರ್ಧ ಬೆರಳು. ಸ್ಪೀಕರಿನ ಮುಖ ಸ್ವಲ್ಪ ಮೇಲಕ್ಕೆ. ಈ ಸಲ ಉತ್ತರವೇ ಬರುವುದಿಲ್ಲ. ಮಲಗಿದ್ದವರು ಜೇಬಿನಿಂದ ಸೀಮೆಸುಣ್ಣ ತೆಗೆದು ಅಲ್ಲೊಂದು ಗೆರೆ ಎಳೆಯುತ್ತಾರೆ. “ಸುಮ್ಮನಾದಳು ಅಂದ್ರೆ ಸರಿ ಕೂತಿದೆ ಅಂತ,” ಎಂದು ನನಗೆ ಹೇಳಿ, ಮೊಣಕೈ ಊರಿ ಮೆಲ್ಲಗೆ ಹೊರಗೆ ತೆವಳುತ್ತಾರೆ.

ಇವರನ್ನು ಬೀದಿಯವರೆಲ್ಲ ಸ್ಪೀಕರ್ ಮೇಸ್ತ್ರಿ ಎನ್ನುತ್ತಾರೆ. ವಯಸ್ಸು ಅರವತ್ತಮೂರು, ಕಸುಬಿಗೆ ನಲವತ್ತೊಂದು. ಹಳೆಯ ಕಾರುಗಳಿಗೆ ಮುಂದಿನ ಜೋಡಿ ಸ್ಪೀಕರ್ ಕೂರಿಸುವುದು ಇವರ ಕೆಲಸ. ಸೀಟಿನಲ್ಲಿದ್ದವರು ಅವರ ಹೆಂಡತಿ. ಮೂರು ವರ್ಷದ ಹಿಂದೆ ಪಾರ್ಶ್ವವಾಯು ಬಡಿದು ಅವರ ಬಲಗೈ, ಬಲಗಾಲು ಬಿದ್ದುಹೋದವು. ಮಾತೂ ಹೋಯಿತು. ಉಳಿದದ್ದು ಒಂದೇ ಒಂದು ಪದ, ‘ಅಲ್ಲ’. ನೀರು ಬೇಕಾದರೂ ಅಲ್ಲ, ಬೇಡವಾದರೂ ಅಲ್ಲ. “ಡಾಕ್ಟ್ರು ಬಂದು, ನೋಡಿ ಇನ್ಮೇಲೆ ಇವರಿಗೆ ಇದೊಂದೇ ಮಾತು ಅಂದ್ರು. ಮದುವೆ ಆದಾಗಿಂದ ಜಾಸ್ತಿ ಅಂತಿದ್ದಿದ್ದೂ ಅದೇ ಅಲ್ವಾ ಸಾರ್ ಅಂದೆ,” ಎಂದು ಮೇಸ್ತ್ರಿ ನಗುತ್ತಾರೆ. ಹೆಂಡತಿ ನಗುವುದಿಲ್ಲ. ಮೇಸ್ತ್ರಿಯ ನಗುವೂ ಹೆಚ್ಚು ಹೊತ್ತು ನಿಲ್ಲುವುದಿಲ್ಲ.

ಇಷ್ಟು ಬೆಳಗ್ಗೆ ಯಾಕೆ ಎಂದರೆ, ಪಕ್ಕದ ಶೆಡ್ಡಿನಲ್ಲಿ ತಗಡು ಬಡಿಯುವವನಿದ್ದಾನೆ. ಎಂಟು ಗಂಟೆಗೆ ಅವನ ಸುತ್ತಿಗೆ ಶುರುವಾದರೆ ಸಂಜೆಯವರೆಗೆ ಈ ಬೀದಿಯಲ್ಲಿ ಹಾಡು ಕೇಳುವ ಮಾತಿಲ್ಲ. ಮರ ಕೊರೆಯುವುದು, ಉಜ್ಜುವುದು, ಬೆಸುಗೆ ಹಾಕುವುದು ಹಗಲಿನ ಕೆಲಸ. ಕಿವಿಯ ಕೆಲಸಕ್ಕೆ ಸಿಗುವುದು ದಿನಕ್ಕೆ ಎರಡೂವರೆ ತಾಸು ಮಾತ್ರ.

ಹಳೆಯ ಕಾರಿಗೆ ಮುಂದಿನ ಸ್ಪೀಕರ್ ಎಲ್ಲಿ ಇಡಬೇಕು? ಕೇಳಿದವರಿಗೆ ಇದೂ ಒಂದು ಪ್ರಶ್ನೆಯೇ ಅನಿಸಬಹುದು. ಆ ಕಾಲದ ಕಾರು ಮಾಡಿದವರು ಡ್ಯಾಶ್‌ಬೋರ್ಡಿನ ನಡುವೆ ಒಂದೇ ಸ್ಪೀಕರಿಗೆ ಜಾಗ ಬಿಟ್ಟು ಕೈತೊಳೆದುಕೊಂಡಿದ್ದರು. ಈಗಿನ ಮಾಲೀಕರಿಗೆ ಎಡಕ್ಕೊಂದು, ಬಲಕ್ಕೊಂದು ಬೇಕು. ಸುಲಭದ ದಾರಿ ಬಾಗಿಲು ಕೊರೆಯುವುದು. ಬಹಳ ಜನ ಮಾಡುವುದೂ ಅದನ್ನೇ. ಮೇಸ್ತ್ರಿ ಮಾತ್ರ ಬಾಗಿಲು ಮುಟ್ಟುವುದಿಲ್ಲ. ಮುಂದೆ ಕೂತವರ ಪಾದದ ಪಕ್ಕದಲ್ಲಿ, ಬಾಗಿಲು ತಿರುಗುವ ಕೀಲುಗಳಿಗಿಂತ ಮುಂದೆ, ಪಕ್ಕದ ಗೋಡೆಯಲ್ಲಿ ಅಂಗೈ ಹಿಡಿಸುವಷ್ಟು ಜಾಗವಿರುತ್ತದೆ. ಅಲ್ಲಿಗೆ ತಕ್ಕ ಹಾಗೆ ಮರದ ಚಿಕ್ಕ ಪೆಟ್ಟಿಗೆ ಮಾಡಿ, ಮೊದಲಿನಿಂದ ಇದ್ದ ತಿರುಪುಗಳಿಗೇ ಬಿಗಿದು, ಮೇಲೆ ಕಾರಿನದೇ ಬಣ್ಣದ ರೆಕ್ಸಿನ್ ಹೊದಿಸುತ್ತಾರೆ.

“ಬಾಗಿಲಲ್ಲಿಟ್ರೆ ಹತ್ತಿರದ್ದು ಕಿವಿಗೇ ಬಡಿಯುತ್ತೆ, ದೂರದ್ದು ಯಾರದೋ ಮನೇಲಿ ಹಾಡಿದ ಹಾಗಿರುತ್ತೆ. ಪಾದದ ಹತ್ರ ಇಟ್ರೆ ಎರಡೂ ಹೆಚ್ಚುಕಮ್ಮಿ ಒಂದೇ ದೂರ. ಆಗ ಹಾಡೋರು ಎಡಕ್ಕೂ ಇರಲ್ಲ, ಬಲಕ್ಕೂ ಇರಲ್ಲ. ಗಾಜಿನ ಆಚೆ, ನಟ್ಟನಡುವೆ ನಿಂತ್ಕೋತಾರೆ,” ಎನ್ನುತ್ತಾರೆ. “ಆದ್ರೆ ಪೆಡಲ್ ಮೇಲಿರೋ ಕಾಲಿಗೆ ತಾಗಬಾರದು. ಬ್ರೇಕ್ ಹಾಕೋ ಹೊತ್ತಲ್ಲಿ ಹಾಡು ಅಡ್ಡ ಬಂದ್ರೆ ಏನು ಗತಿ?”

ಬಾಗಿಲು ಮುಟ್ಟದಿರಲು ಇನ್ನೊಂದು ಕಾರಣವಿದೆ. ಇಪ್ಪತ್ತೆರಡರ ಹರೆಯದಲ್ಲಿ, ಕೆಲಸ ಕಲಿತ ಹೊಸದರಲ್ಲಿ, ಶಾಲೆಯ ಮೇಷ್ಟ್ರೊಬ್ಬರು ತಮ್ಮ ತಂದೆಯ ಕಾಲದ ಕಾರು ತಂದು ಬಿಟ್ಟರು. ಹುಡುಗ ಹುರುಪಿನಲ್ಲಿ ಎರಡೂ ಬಾಗಿಲಿಗೆ ದುಂಡನೆಯ ತೂತು ಕೊರೆದು ಸ್ಪೀಕರ್ ಕೂರಿಸಿದ. ಕಿಟಕಿಯ ಗಾಜು ಕೆಳಗಿಳಿದಾಗ ಆ ಬಾಗಿಲಿನೊಳಗೇ ಇಳಿಯುತ್ತದೆ ಎನ್ನುವುದು ತಲೆಗೇ ಹೊಳೆಯಲಿಲ್ಲ. ಮೇಷ್ಟ್ರು ಬಂದು, ಹಾಡು ಕೇಳಿ ತಲೆದೂಗಿ, ಸೆಖೆ ಎಂದು ಗಾಜು ಇಳಿಸಿದರು. ಸ್ಪೀಕರಿನ ಬೆನ್ನಿಗೆ ಬಡಿದು ಗಾಜು ಪುಡಿಪುಡಿಯಾಯಿತು.

“ಅಂಥ ಗಾಜು ಆಗಲೇ ಎಲ್ಲೂ ಸಿಗ್ತಿರಲಿಲ್ಲ. ಬಯ್ದಿದ್ರೆ ಮರೆತುಬಿಡ್ತಿದ್ದೆ. ಅವರು ಬಯ್ಯಲಿಲ್ಲ. ಬಗ್ಗಿ ಒಂದೊಂದೇ ಚೂರು ಆರಿಸಿ ಕರ್ಚೀಫಲ್ಲಿ ಕಟ್ಕೊಂಡು ಹೋದ್ರು.” ಮೇಸ್ತ್ರಿ ತಮ್ಮ ಅಂಗೈ ನೋಡಿಕೊಳ್ಳುತ್ತಾರೆ. “ಅವತ್ತಿಂದ ಹಳೇ ತಗಡಿಗೆ ಒಂದು ಮೊಳೆ ತೂತೂ ಹಾಕಿಲ್ಲ.”

ಒಂದು ಕಾಲದಲ್ಲಿ ಈ ಶೆಡ್ಡಿಗೆ ದಿನಕ್ಕೆ ಐದು ಕಾರು ಬರುತ್ತಿದ್ದವು. ಹೊಸ ಕಾರುಗಳು ಸ್ಪೀಕರ್ ಸಮೇತವೇ ಹುಟ್ಟತೊಡಗಿದ ಮೇಲೆ ಹೊಸಬರು ಬರುವುದು ನಿಂತಿತು. ಹಳೆಯ ಕಾರು ಸಾಕಿದವರಷ್ಟೇ ಉಳಿದರು, ಅವರೂ ಒಬ್ಬೊಬ್ಬರಾಗಿ ಕಾರು ಬಿಟ್ಟರು, ಕೆಲವರು ಲೋಕವನ್ನೇ ಬಿಟ್ಟರು. ಈಗ ತಿಂಗಳಿಗೆ ಒಂದು ಕಾರು ಬಂದರೆ ಹೆಚ್ಚು. ಒಂದೊಂದಕ್ಕೆ ಒಂಬತ್ತು ದಿನ ಹಿಡಿಯುತ್ತದೆ. ಅದರಲ್ಲಿ ನಾಲ್ಕು ದಿನ ಬರೀ ಜಾಗ ಹುಡುಕುವುದಕ್ಕೆ.

ಹುಡುಕಾಟ ಇಷ್ಟು ನಿಧಾನವಾದದ್ದು ಹನ್ನೆರಡು ವರ್ಷದಿಂದ. ಆ ವರ್ಷ ಬಂದ ಒಂದು ಕೆಟ್ಟ ಜ್ವರ ಹೋಗುವಾಗ ಎಡಗಿವಿಯನ್ನು ಜೊತೆಗೇ ಕೊಂಡೊಯ್ದಿತು. “ಒಂದೇ ಕಿವಿಯವನಿಗೆ ಸದ್ದು ಕೇಳುತ್ತೆ ಸಾರ್. ಎಲ್ಲಿಂದ ಬಂತು ಅನ್ನೋದು ಗೊತ್ತಾಗಲ್ಲ. ಬೀದೀಲಿ ಯಾರಾದ್ರೂ ಕರೆದ್ರೆ ಸುತ್ತ ತಿರುಗಿ ನೋಡಬೇಕು, ಹುಚ್ಚನ ಹಾಗೆ. ನನ್ನ ಕೆಲಸ ಇದ್ದಿದ್ದೇ ಸದ್ದು ಎಲ್ಲಿಂದ ಬರುತ್ತೆ ಅನ್ನೋದ್ರ ಮೇಲೆ.” ಕಿವುಡನ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತಲ್ಲ ಮೇಸ್ತ್ರಿ ನಿನ್ನ ಪಾಡು, ಎಂದು ತಗಡಿನವನು ಛೇಡಿಸಿದನಂತೆ. ಮೇಸ್ತ್ರಿ ಅಂಗಡಿ ಮುಚ್ಚುವ ಮನಸ್ಸು ಮಾಡಿದರು.

ತಡೆದದ್ದು ಹೆಂಡತಿ. ಬಟ್ಟೆ ಹೊಲಿಯುವ ಕೆಲಸ ಅವರದು. ಕಾರಿನ ಗಂಧಗಾಳಿ ಇಲ್ಲ, ಆದರೆ ಒಂದು ದಾರದಷ್ಟು ವ್ಯತ್ಯಾಸವೂ ಕಣ್ಣಿಗೆ, ಕಿವಿಗೆ ತಪ್ಪುತ್ತಿರಲಿಲ್ಲ. ಒಂದು ಬೆಳಗ್ಗೆ ತಾವೇ ಬಂದು ಸೀಟಿನಲ್ಲಿ ಕೂತರು. “ಹಾಡೋಳು ನನ್ನ ತೊಡೆ ಮೇಲೆ ಕೂತಿದ್ದಾಳೆ ಕಣ್ರೀ, ಎಬ್ಬಿಸಿ ಆಚೆ ಕಳಿಸಿ” ಎಂದರಂತೆ. ಇನ್ನೊಮ್ಮೆ, “ಕೊಳಲಿನವನು ಡಿಕ್ಕಿಯಲ್ಲಿ ಸಿಕ್ಕಿಹಾಕ್ಕೊಂಡಿದ್ದಾನೆ, ಪಾಪ.” ಹೀಗೆ ಒಂಬತ್ತು ವರ್ಷ ಅವರು ಹೇಳಿದಲ್ಲಿ ಇವರು ಇಟ್ಟರು. ಎಷ್ಟು ಕಾರು ಎಂದರೆ ಇಬ್ಬರಿಗೂ ಲೆಕ್ಕವಿಲ್ಲ. ಕಾರಿನವರಿಗೆ ಈ ಸಂಗತಿ ಗೊತ್ತೂ ಇಲ್ಲ.

ಆಮೇಲೆ ಆಕೆಯ ಮಾತು ಹೋಯಿತು. ಕಿವಿ ಹಾಗೇ ಇತ್ತು. ಆಸ್ಪತ್ರೆಯಿಂದ ಬಂದ ಎರಡನೆಯ ತಿಂಗಳು ಮೇಸ್ತ್ರಿ ಆಕೆಯನ್ನು ಎತ್ತಿ ತಂದು ಸೀಟಿನಲ್ಲಿ ಕೂರಿಸಿ ಹಾಡು ಹಾಕಿದರು. ಆಕೆ “ಅಲ್ಲ” ಎಂದರು. ಸರಿಸಿದರು. “ಅಲ್ಲ.” ಮತ್ತೆ ಸರಿಸಿದರು. ಆಕೆ ಸುಮ್ಮನಾದರು. ಬೇರೆಲ್ಲ ಕಡೆ ದಾರಿ ತಪ್ಪುವ ಆ ಒಂದು ಪದ ಕಾರಿನೊಳಗೆ ಮಾತ್ರ ಸರಿಯಾಗಿ ಗುರಿ ಮುಟ್ಟುತ್ತಿತ್ತು.

ಕಳೆದ ಚಳಿಗಾಲದ ಒಂದು ಬೆಳಗಿನ ಮಾತನ್ನು ಮೇಸ್ತ್ರಿ ತಾವಾಗಿ ಹೇಳುವುದಿಲ್ಲ. ಅದನ್ನು ಎತ್ತಿದ್ದು ಮಗಳು. ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವ ಆಕೆ ವಾರಕ್ಕೊಮ್ಮೆ ಬಂದು ತಾಯಿಗೆ ತಲೆಸ್ನಾನ ಮಾಡಿಸಿ ಹೋಗುತ್ತಾಳೆ. “ಅಪ್ಪನ್ನೇ ಕೇಳಿ, ಅಮ್ಮನ ಕೈ ಹೇಗೆ ಮುರೀತು ಅಂತ,” ಎಂದು ಹೇಳಿ, ಒದ್ದೆ ಟವೆಲು ಹಿಂಡುತ್ತ ಒಳಗೆ ಹೋಗುತ್ತಾಳೆ.

ಮೇಸ್ತ್ರಿ ತಂತಿಯ ತುದಿ ಸುಲಿಯುತ್ತಲೇ ಹೇಳುತ್ತಾರೆ.

“ಅವಳ ಕಡೆ ಬಾಗಿಲು ಸರಿಯಾಗಿ ಹಾಕಿರಲಿಲ್ಲ. ನಾನು ಕೆಳಗೆ ಮಲಗಿದ್ದೆ. ಬಲಕ್ಕೆ ವಾಲಿದ್ದಾಳೆ, ಬಾಗಿಲು ತೆರೆದುಕೊಂಡಿದೆ, ಹಾಗೇ ಜಾರಿ ಸಿಮೆಂಟ್ ನೆಲಕ್ಕೆ ಬಿದ್ದಿದ್ದಾಳೆ. ಕೈ ಮೈಯಡಿಗೆ.”

“ಕೂಗು ಕೇಳಿಸಲಿಲ್ವಾ?”

“ಕೇಳಿಸ್ತು.” ತಂತಿ ಕೆಳಗಿಡುತ್ತಾರೆ. “ಅದೇ ನನ್ನ ಪಾಪ ಸಾರ್. ಕೇಳಿಸ್ತು. ‘ಅಲ್ಲ’ ಅಂದ್ಲು. ಸ್ಪೀಕರ್ ಸರಿಯಿಲ್ಲ ಅಂತಿದ್ದಾಳೆ ಅಂದ್ಕೊಂಡೆ. ಒಂದು ಬೆರಳು ಸರಿಸಿದೆ. ಮತ್ತೆ ‘ಅಲ್ಲ’ ಅಂದ್ಲು. ಮತ್ತೆ ಸರಿಸಿದೆ. ಮೇಲಿಂದ ಬರ್ತಿದೆಯೋ ಕೆಳಗಿಂದ ಬರ್ತಿದೆಯೋ ನನ್ನ ಕಿವಿಗೆ ತಿಳೀಲಿಲ್ಲ. ಆರೇಳು ಸಲ ಅಂದಿರಬೇಕು. ಆರೇಳು ಸಲ ಸರಿಸಿದೀನಿ. ಕೊನೆಗೆ ಸುಮ್ಮನಾದ್ಲು. ಸರಿ ಕೂತಿತು ಅಂತ ಖುಷಿಯಾಗಿ ಗೆರೆ ಎಳೆದೆ.”

ಹೊರಗೆ ಬಂದು ನೋಡಿದಾಗ ಆಕೆಗೆ ಎಚ್ಚರ ತಪ್ಪಿತ್ತು.

ಬಲ ಮಣಿಕಟ್ಟು ಮುರಿದಿತ್ತು. ಮಗಳು ಅಪ್ಪನ ಜೊತೆ ಒಂದು ತಿಂಗಳು ಮಾತಾಡಲಿಲ್ಲ. ಮೇಸ್ತ್ರಿ ಶೆಡ್ಡಿಗೆ ಬೀಗ ಹಾಕಿದರು. ನಾಲ್ಕು ತಿಂಗಳ ನಂತರ, ಅರ್ಧಕ್ಕೆ ನಿಂತಿದ್ದ ಆ ಕಾರನ್ನಾದರೂ ಮುಗಿಸಿ ಕೊಡೋಣ ಎಂದು ಬೀಗ ತೆಗೆದರು. ಕೇಳಿ ಹೇಳುವುದಕ್ಕೆ ಮಗಳನ್ನೇ ಕೂರಿಸಿದರು. ಎಲ್ಲಿಟ್ಟರೂ ಅವಳದು ಒಂದೇ ಮಾತು, “ಚೆನ್ನಾಗಿದೆಯಪ್ಪ.” ಹೀಗೆ ಮೂರು ದಿನ. ನಾಲ್ಕನೆಯ ಬೆಳಗ್ಗೆ ಹಾಡು ಶುರುವಾಗುತ್ತಿದ್ದಂತೆ ಶೆಡ್ಡಿಗೆ ಅಂಟಿದ ಮನೆಯ ಗೋಡೆಯಾಚೆಯಿಂದ ಸದ್ದು. ಹಾಸಿಗೆಯಲ್ಲಿದ್ದ ತಾಯಿ ಎಡಗೈಯಿಂದ ಗೋಡೆ ಗುದ್ದುತ್ತಿದ್ದರು. “ಅಲ್ಲ! ಅಲ್ಲ! ಅಲ್ಲ!”

“ಬೆರಳ ಗೆಣ್ಣಿನ ಚರ್ಮ ಕಿತ್ತುಬಂದಿತ್ತು,” ಎನ್ನುತ್ತಾಳೆ ಮಗಳು. “ನಾನೇ ಎತ್ಕೊಂಡು ಬಂದು ಕೂರಿಸಿದೆ. ನನಗೆ ಇಷ್ಟ ಇತ್ತು ಅಂತಲ್ಲ. ಈಗಲೂ ಇಲ್ಲ. ಬೆಳಗಿನ ಹೊತ್ತಾದ್ರೆ ನನ್ನ ಮನೇಲಿ ನನಗೆ ಎಚ್ಚರ ಆಗಿಬಿಡುತ್ತೆ, ಅಮ್ಮ ಬಿದ್ರೇನೋ ಅಂತ.”

ಈಗ ಆಕೆಯ ಎದೆಗೆ ಅಗಲದ ಬಟ್ಟೆ ಪಟ್ಟಿಯೊಂದು ಬಂದಿದೆ. ಬಾಗಿಲು ಹಾಕಿದೆಯೇ ಎಂದು ಮೇಸ್ತ್ರಿ ಮೂರು ಸಲ ತಳ್ಳಿ ನೋಡುತ್ತಾರೆ. ಆಕೆಯ ಎಡ ಮಣಿಕಟ್ಟಿನಿಂದ ತಮ್ಮ ಕಾಲ್ಬೆರಳಿಗೆ ಒಂದು ದಾರ ಕಟ್ಟಿಕೊಂಡೇ ಒಳಗೆ ಮಲಗುತ್ತಾರೆ. ಎಳೆದರೆ ಆಪತ್ತು ಎಂದರ್ಥ. “ಎರಡು ಸಲ ಸುಮ್ನೆ ಎಳೆದಿದ್ದಾಳೆ. ನಾನು ಗಡಬಡಿಸಿ ಎದ್ದು ತಲೆ ಡ್ಯಾಶ್‌ಬೋರ್ಡಿಗೆ ಬಡಿಸ್ಕೊಂಡೆ. ಅವಳ ಮುಖ ನೋಡಬೇಕಿತ್ತು ನೀವು.”

ಐದು ದಿನ ಕಳೆದು, ಪೆಟ್ಟಿಗೆ, ರೆಕ್ಸಿನ್ ಕೆಲಸವೆಲ್ಲ ಮುಗಿದ ಮೇಲೆ, ಬೆಳಗ್ಗೆ ಒಂಬತ್ತು ಗಂಟೆಗೆ ಹಸಿರು ಕಾರಿನ ಮಾಲೀಕರು ಬರುತ್ತಾರೆ. ನಿವೃತ್ತ ಹಲ್ಲಿನ ವೈದ್ಯರು. ತಗಡಿನವನಿಗೆ ಕೈಮುಗಿದು ಹತ್ತು ನಿಮಿಷ ಸುತ್ತಿಗೆ ನಿಲ್ಲಿಸಿದ್ದಾಯಿತು. ವೈದ್ಯರು ಕೂತು ಕೇಳುತ್ತಾರೆ. ಬಾಗಿಲು ತಡವುತ್ತಾರೆ, ಡ್ಯಾಶ್‌ಬೋರ್ಡ್ ತಡವುತ್ತಾರೆ.

“ಸ್ಪೀಕರ್ ಎಲ್ಲಿಟ್ಟಿದ್ದೀರಿ ಮಾರಾಯ್ರೆ? ಕಾಣೋದೇ ಇಲ್ಲವಲ್ಲ!”

ಮೇಸ್ತ್ರಿ ಪಾದದ ಪಕ್ಕ ಬೆರಳು ತೋರಿಸುತ್ತಾರೆ. ವೈದ್ಯರು ಬಗ್ಗಿ ನೋಡಿ ಬೆರಗಾಗುತ್ತಾರೆ. ಇನ್ನೊಂದು ಚೂರು ಜೋರಾಗಿದ್ದಿದ್ದರೆ ಚೆನ್ನಾಗಿತ್ತು ಎಂದೂ ಹೇಳುತ್ತಾರೆ. ಗಾಲಿಕುರ್ಚಿಯಲ್ಲಿ ಗೋಡೆಗೊರಗಿದ ಹೆಂಗಸನ್ನು ಅವರ ಕಣ್ಣು ಒಮ್ಮೆ ಹಾಯ್ದು ಮುಂದಕ್ಕೆ ಹೋಗುತ್ತದೆ. ಕಾರು ಬೀದಿ ತಿರುವಿನಲ್ಲಿ ಮರೆಯಾಗುವವರೆಗೆ ಆಕೆ ಅತ್ತಲೇ ನೋಡುತ್ತಾರೆ. ಸುತ್ತಿಗೆ ಮತ್ತೆ ಶುರುವಾಗುತ್ತದೆ.

ಶೆಡ್ಡು ಖಾಲಿಯಾಗಿದೆ. ಮುಂದಿನ ಕಾರು ಯಾವುದು ಎಂದರೆ ಮೇಸ್ತ್ರಿ ಗೊತ್ತಿಲ್ಲ ಎನ್ನುತ್ತಾರೆ. ಯಾರೂ ಹೇಳಿಕಳಿಸಿಲ್ಲ. ತಮ್ಮ ಬಲಗಿವಿಯೂ ಮಂದವಾಗುತ್ತಿದೆ ಎಂದು ಕಿವಿಯ ವೈದ್ಯರು ಹೇಳಿದ್ದಾರೆ. ಅದನ್ನು ಮಗಳಿಗೆ ಇನ್ನೂ ತಿಳಿಸಿಲ್ಲವಂತೆ. ನಿಮಗೇನಾದರೂ ಆಸೆ ಇದೆಯೇ ಎಂದು ಆ ಗದ್ದಲದಲ್ಲಿ ಎರಡು ಸಲ ಕೇಳಬೇಕಾಗುತ್ತದೆ. ಹೆಂಡತಿಯ ಜಾರಿದ ಶಾಲನ್ನು ಎಳೆದು ಸರಿ ಮಾಡುತ್ತ ಮೇಸ್ತ್ರಿ ಹೇಳುತ್ತಾರೆ:

“ಇನ್ನೊಂದು ಕಾರು ಬರಬೇಕು. ಬೇಗ ಬೇಡ, ಅವಳ ಕೈ ನೋವು ಸ್ವಲ್ಪ ಇಳೀಲಿ. ಆದ್ರೆ ಬರಬೇಕು. ಕಾರಿಲ್ಲದ ದಿನ ಅವಳು ಗೋಡೆ ಕಡೆ ಮುಖ ಮಾಡಿ ಮಲಗಿಬಿಡ್ತಾಳೆ ಸಾರ್. ಊಟಕ್ಕೆ ಕರೆದ್ರೂ ‘ಅಲ್ಲ’ ಅನ್ನಲ್ಲ.”