ಪಾರ್ಕಿಂಗ್ ಲಾಟಿನ ಕಡಲಹಕ್ಕಿ

ಮಿಸಿಸಾಗಾದ ಮೆಡೋವೇಲ್‌ಗೆ ಬಂದ ಮರುದಿನ ಬೆಳಿಗ್ಗೆ ಬಾಡಿಗೆಯ ಬೇಸ್‌ಮೆಂಟಿನಿಂದ ಮೇಲೆ ಬಂದರೆ, ಎದುರಿನ ಪ್ಲಾಜಾದ ಪಾರ್ಕಿಂಗ್ ಲಾಟಿನ ತುಂಬ ಬಿಳಿಯ ಕಡಲಹಕ್ಕಿಗಳು. ಕರಾವಳಿಯ ಗಂಗೊಳ್ಳಿಯಲ್ಲಿ ಹುಟ್ಟಿದವನಿಗೆ ಈ ಹಕ್ಕಿ ಕಂಡರೆ ಕಡಲು ಇಲ್ಲೇ ಎಲ್ಲೋ ಇದೆ ಎಂದೇ ಲೆಕ್ಕ. ಹುಡುಕಿಕೊಂಡು ಹೊರಟೆ. ಒಂದೂವರೆ ಗಂಟೆ ನಡೆದರೂ ಸಿಕ್ಕಿದ್ದು ಆಫೀಸು ಕಟ್ಟಡಗಳು, ಗೋದಾಮುಗಳು, ಮತ್ತಷ್ಟು ಪಾರ್ಕಿಂಗ್ ಲಾಟುಗಳು.

ಗೋದಾಮಿನ ಶಿಫ್ಟಲ್ಲಿ ನನ್ನ ಜೊತೆ ಪೆಟ್ಟಿಗೆ ಕಟ್ಟುತ್ತಿದ್ದ ವಾಲ್ಟರ್ ಎಂಬ ಮುದುಕನಿಗೆ ಇದನ್ನು ಹೇಳಿದೆ. ಕೆಮ್ಮು ಬರುವಷ್ಟು ನಕ್ಕ. ಅವು ಬರುವುದು ನೀರಿಗಲ್ಲ, ಜನ ಚೆಲ್ಲಿದ ಫ್ರೈಸಿಗೆ ಎಂದ. ಈ ಹಕ್ಕಿಗೆ ಇಂಗ್ಲಿಷಿನಲ್ಲಿ ಗಲ್ ಎನ್ನುತ್ತಾರೆ. ಹಿಂದಿನ ಕಾಲದಲ್ಲಿ ಸುಲಭವಾಗಿ ಮೋಸಹೋಗುವ ಪೆದ್ದನನ್ನೂ ಅದೇ ಹೆಸರಿನಿಂದ ಕರೆಯುತ್ತಿದ್ದರಂತೆ. ಬಂದ ಮೊದಲ ವಾರವೇ ನನಗೆ ಹೊಂದುವ ಹೆಸರು ಸಿಕ್ಕಿತಲ್ಲ ಎಂದು ನಾನೂ ನಕ್ಕೆ.

ಊರಿನಲ್ಲಿ ಅವು ಚಳಿಗಾಲದ ನೆಂಟರು. ಅಪ್ಪಯ್ಯನ ದೋಣಿಯ ಬೆನ್ನು ಬಿಡುತ್ತಿರಲಿಲ್ಲ. ಅಪ್ಪಯ್ಯ ಬಲೆ ಬಿಡಿಸುತ್ತ, ಬಾಯ್ತುಂಬ ಬೈಯುತ್ತ, ಒಂದೊಂದೇ ಸಣ್ಣ ಮೀನನ್ನು ಅವಕ್ಕೆ ಎಸೆಯುತ್ತಿದ್ದರು. ಇಲ್ಲಿ ಹಕ್ಕಿಗಳಿಗೆ ಏನೂ ಹಾಕಬೇಡಿ ಎಂಬ ಬೋರ್ಡು ಇದೆ, ಬೈಯುವವರೂ ಇಲ್ಲ.

೨೦೧೮ರ ಫೆಬ್ರವರಿಯಲ್ಲಿ ಅಪ್ಪಯ್ಯ ತೀರಿಕೊಂಡರು. ನನ್ನ ವರ್ಕ್ ಪರ್ಮಿಟ್ ನವೀಕರಣ ಇನ್ನೂ ಆಗಿರಲಿಲ್ಲ. ದೇಶದ ಹೊರಗೆ ಹೋದರೆ ಮತ್ತೆ ಒಳಗೆ ಬಿಡುತ್ತಾರೋ ಇಲ್ಲವೋ ಎಂದು ಹೆದರಿ ನಾನು ಹೋಗಲಿಲ್ಲ. ಇದನ್ನು ಬರೆಯಲು ಇವತ್ತಿಗೂ ನಾಚಿಕೆಯಾಗುತ್ತದೆ. ಅಪ್ಪಯ್ಯನನ್ನು ನೋಡಿಕೊಂಡಿದ್ದ ಅಕ್ಕ ಆಗ ಯಾಕೆ ಬರಲಿಲ್ಲ ಎಂದು ಕೇಳಲಿಲ್ಲ. ಮಹಾಲಯ ಅಮಾವಾಸ್ಯೆಯ ಹಿಂದಿನ ದಿನ ಫೋನ್ ಮಾಡಿದಳು.

"ಈ ಸಲ ಅಪ್ಪಯ್ಯಂಗೆ ನೀನೇ ಎಡೆ ಇಡ್ಕ್. ಕಾಕಿ ಮುಟ್ಟುವರಿಗೆ ಎಂತದೂ ತಿನ್ಬೇಡ. ನೀ ಫೋನ್ ಮಾಡುವರಿಗೆ ನಾನೂ ಉಣ್ಣುದಿಲ್ಲೆ."

ಕಾಗೆ ಮುಟ್ಟಿದರೆ ತೀರಿಕೊಂಡವರು ಉಂಡರು ಎಂದು ನಮ್ಮ ಲೆಕ್ಕ. ಅಕ್ಕನಿಗೆ ಸಕ್ಕರೆ ಕಾಯಿಲೆ ಬೇರೆ, ಹೊತ್ತಿಗೆ ಸರಿಯಾಗಿ ಉಣ್ಣದಿದ್ದರೆ ಕೈಕಾಲು ನಡುಗುತ್ತವೆ.

ಅಮಾವಾಸ್ಯೆಯ ದಿನ ಇಲ್ಲಿ ಥ್ಯಾಂಕ್ಸ್‌ಗಿವಿಂಗ್ ರಜೆ, ಪ್ಲಾಜಾ ಖಾಲಿ. ಫ್ರೀಜರಿನ ಬಾಳೆಲೆ ಬಿಡಿಸುವಾಗಲೇ ಸೀಳಿತು. ಅದರ ಮೇಲೆ ಅನ್ನ, ಬಂಗಡೆ ಗಸಿ ಬಡಿಸಿ ಬೆಳಿಗ್ಗೆ ಎಂಟಕ್ಕೆ ಪಾರ್ಕಿಂಗ್ ಲಾಟಿನ ಆ ಬೋರ್ಡಿನ ಪಕ್ಕದಲ್ಲೇ ಇಟ್ಟೆ. ದಟ್ಟ ಮಂಜು. ನೆಲದ ಹಳದಿ ಗೆರೆಗಳು ಅಳಿಸಿಹೋಗಿ ಡಾಂಬರು ನೀರಿನಂತೆ ಕಾಣುತ್ತಿತ್ತು. ದೀಪದ ಕಂಬಗಳು ಮೆಲ್ಲಗೆ ತೂಗಿದಂತೆ ಅನಿಸಿತು. ಕಾ ಕಾ ಎಂದು ಕರೆದೆ. ಕಾಗೆಯ ಸುಳಿವಿಲ್ಲ. ಒಂಬತ್ತಾಯಿತು, ಊರಿನಲ್ಲಿ ಆಗಲೇ ಸಂಜೆ ಆರೂವರೆ. ನಿಂತಲ್ಲೇ ಅಪ್ಪಯ್ಯನ ಬೈಗುಳ, ಕಿವಿಯ ಹಿಂದಿನ ಅರ್ಧ ಬೀಡಿ, ಉಪ್ಪುನೀರಿಗೆ ಸುಕ್ಕುಗಟ್ಟಿದ ಬೆರಳುಗಳು ಒಂದೊಂದಾಗಿ ನೆನಪಾದವು. ಎಂಟು ತಿಂಗಳಲ್ಲಿ ಮೊದಲ ಸಲ ಅತ್ತೆ. ಹತ್ತರ ಹೊತ್ತಿಗೆ ಮಂಜಿನೊಳಗಿಂದ ಒಂದು ಬಿಳಿ ಹಕ್ಕಿ ಇಳಿದು, ಬಂಗಡೆಯ ತುಂಡು ಎತ್ತಿಕೊಂಡು ಹೋಯಿತು.

ಅಕ್ಕನ ಹಸಿವೆ ನೆನೆದು ಫೋನ್ ಮಾಡಿ ಸುಳ್ಳು ಹೇಳಿದೆ. "ಕಾಕಿ ಬಂತ್ ಅಕ್ಕ. ನೀ ಉಣ್ಣ್."

"ಎಷ್ಟ್ ಹೊತ್ತ್ ಕಾದೆ?"

"ಎರಡ್ ಗಂಟಿ."

"ಅಪ್ಪಯ್ಯನ ನೆನಪಾಯ್ತಾ?"

ಹೌದು ಎಂದೆ. ಬಂದದ್ದು ಕಾಗೆಯಲ್ಲ, ಕಡಲಹಕ್ಕಿ ಎಂದು ಒಪ್ಪಿಕೊಂಡೆ.

"ನಾ ಮಧ್ಯಾಹ್ನವೇ ಉಂಡಿದೆ ಮರಾಯ, ಮಾತ್ರೆ ತಿನ್ಕಲ್ದಾ? ನೀನೊಂದ್ ಸಲ ಅಪ್ಪಯ್ಯಂಗೆ ಕಾಯ್ಲಿ ಅಂದೇಳಿ ಹಾಂಗ್ ಹೇಳ್ದೆ. ಜೀವ ಹೋಪುಕ್ ಮುಂಚೆ ಮೂರ್ ದಿನ ಅವ್ರ್ ನಿನ್ನ ಕಾದ್ರ್."

ಪರ್ಮಿಟ್ ಆಮೇಲೆ ಬಂತು. ಊರಿಗೂ ಹೋಗಿ ಬಂದೆ. ಅಲ್ಲಿ ಎಲ್ಲರೂ ಕೇಳಿದ್ದು ಯಾವಾಗ ವಾಪಸ್ ಎಂದು, ಇಲ್ಲಿ ಇಳಿದಾಗಲೂ ಅದೇ ಪ್ರಶ್ನೆ. ಆದರೆ ಅಂದು ಫೋನ್ ಇಟ್ಟ ಮೇಲೆ, ಹೊಟ್ಟೆ ಹಸಿದಿದ್ದರೂ ಮನೆಗೆ ಹೋಗಲು ಕಾಲು ಬರಲಿಲ್ಲ. ಅಪ್ಪಯ್ಯ ಕಾದ ಮೂರು ದಿನ ಎಂದರೆ ಎಷ್ಟು ಹೊತ್ತು ಎಂದು ನನಗೆ ತಿಳಿಯಬೇಕಿತ್ತು. ಅಲ್ಲೇ ಕೂತೆ.