ಬೆಣ್ಣೆಯಕ್ಕನ ಕೆಂಪು ಚುಕ್ಕೆ

ಬೆಳಗಿನ ಐದೂವರೆ. ಹೊರಗೆ ಕೊಕಿ ಕಪ್ಪೆಗಳ ಕೂಗು ಇನ್ನೂ ನಿಂತಿಲ್ಲ. ಪೋರ್ಟೊ ರಿಕೊದ ಉಮಕಾವೊ ಊರಿನ ಔಷಧ ಕಾರ್ಖಾನೆಯೊಂದರಲ್ಲಿ ಮಿಗ್ದಾಲಿಯಾ ಫಿಗೆರೋವಾ ಮೂರು ಸಲ ಕೈ ತೊಳೆದು, ಗ್ಲೌಸ್ ತೊಟ್ಟು, ಚಿಮುಟದಲ್ಲಿ ಬಿಳಿ ಮಾತ್ರೆಯೊಂದನ್ನು ಕ್ಯಾಮೆರಾದ ಕೆಳಗೆ ಇಡುತ್ತಾರೆ. ಕಣ್ಣಿಗೆ ಕಾಣದ ಬೆಳಕು ಅದರ ಮೇಲೆ ಬೀಳುತ್ತದೆ. ಪರದೆಯ ಮೇಲೆ ಬಣ್ಣದ ನಕ್ಷೆ ಮೂಡುತ್ತದೆ: ಔಷಧಿ ಕೆಂಪು, ಗಾತ್ರಕ್ಕೆಂದು ಸೇರಿಸಿದ ಹಿಟ್ಟು ನೀಲಿ. ಕೆಂಪು ಎಲ್ಲ ಕಡೆ ಸಮನಾಗಿ ಹರಡಿದ್ದರೆ ಮಾತ್ರೆ ಪಾಸು. ಒಂದಕ್ಕೆ ಕಾಲು ಗಂಟೆ, ದಿನಕ್ಕೆ ಇಪ್ಪತ್ತನಾಲ್ಕು, ಹತ್ತೊಂಬತ್ತು ವರ್ಷದಿಂದ.

ಮೂರು ಸಲ ಯಾಕೆ ಎಂದು ಕೇಳಿದರೆ ನಕ್ಕುಬಿಡುತ್ತಾರೆ. "ಅಯ್ಯೋ, ಅದೊಂದು ಮಾನ ಹೋದ ಕಥೆ. ಸೇರಿದ ವರ್ಷ ಬೆಣ್ಣೆ ಹಚ್ಚಿದ ಬ್ರೆಡ್ ತಿಂದು ಹಾಗೇ ಮಾತ್ರೆ ಮುಟ್ಟಿದ್ದೆ. ನಕ್ಷೇಲಿ ಇಷ್ಟು ದೊಡ್ಡ ಕಲೆ! ಮಾತ್ರೆ ಮಾಡೋ ಯಂತ್ರನೇ ನಿಲ್ಲಿಸಿಬಿಟ್ಟೆ. ನೋಡಿದ್ರೆ ನನ್ನ ಬೆರಳಿನ ಬೆಣ್ಣೆ!" ಅಂದಿನಿಂದ ಇಡೀ ಕಾರ್ಖಾನೆಗೆ ಅವರು ಬೆಣ್ಣೆಯಕ್ಕ.

ಪಾಪ, ಆ ಹೆಸರು ಕಳೆದ ಫೆಬ್ರವರಿಯಲ್ಲಿ ಭಾರವೇ ಆಯಿತು. ಹೃದಯದ ಮಾತ್ರೆ ಹೊತ್ತ ಲಾರಿ ಗೇಟಿನಲ್ಲಿ ನಿಂತಿದೆ. ಪಕ್ಕದ ಲ್ಯಾಬಿನಲ್ಲಿ ಹತ್ತು ಇಡೀ ಮಾತ್ರೆ ಕರಗಿಸಿ ಅಳೆದವರ ಲೆಕ್ಕದಲ್ಲಿ ಒಟ್ಟು ಔಷಧಿ ಸರಿಯಾಗಿಯೇ ಇದೆ. ಆದರೆ ಮಿಗ್ದಾಲಿಯಾ ಮುರಿದು ನೋಡಿದ ಮಾತ್ರೆಗಳಲ್ಲಿ ಕೆಂಪೆಲ್ಲ ಒಂದೇ ಚೂರಿನಲ್ಲಿ ಗಂಟು ಕಟ್ಟಿದೆ.

"ಏನ್ ಬೆಣ್ಣೆಯಕ್ಕ, ಇವತ್ತು ಚೀಸೂ ಇತ್ತಾ?" ಮೇಲ್ವಿಚಾರಕ ಎಫ್ರಾಯಿನ್ ಛೇಡಿಸುತ್ತಾನೆ.

"ನಗಬೇಡ ಕಣೋ. ನಮ್ಮಮ್ಮ ಇದೇ ಮಾತ್ರೆನ ಬೆಳಿಗ್ಗೆ ಅರ್ಧ, ಸಂಜೆ ಅರ್ಧ ನುಂಗ್ತಾಳೆ. ಒಂದು ಹೊತ್ತು ಪೂರ್ತಿ ಔಷಧಿ, ಇನ್ನೊಂದು ಹೊತ್ತು ಬರೀ ಹಿಟ್ಟು. ಯಾವ ಚೂರಲ್ಲಿ ಏನಿದೆ ಅಂತ ದಿನಾ ನೀನು ಬಂದು ಹೇಳ್ತೀಯಾ?"

ಎಫ್ರಾಯಿನ್ ಕೈ ತೊಳೆದು, ಹೊಸ ಮಾತ್ರೆಯೊಂದನ್ನು ತಾನೇ ಮುರಿದು ಇಟ್ಟ. ಕಾಲು ಗಂಟೆ ಇಬ್ಬರೂ ಪರದೆ ನೋಡುತ್ತ ಕಾದರು. ಅದೇ ಕೆಂಪು ಗಂಟು. ಮಾತ್ರೆಯನ್ನೆಲ್ಲ ಇಳಿಸಿಕೊಂಡು ಲಾರಿಯನ್ನು ಖಾಲಿ ಕಳಿಸಿದರು. ಕರೆಂಟು ಹೋಗಿ ಗಾಳಿಯ ತೇವ ಹೀರುವ ಯಂತ್ರ ನಿಂತಾಗ ಔಷಧಿಯ ಪುಡಿ ಮುದ್ದೆಯಾಗಿತ್ತಂತೆ. ಅಷ್ಟನ್ನೂ ಬಿಸಾಡಿ ಹೊಸದಾಗಿ ಮಾಡಿದರು. ಈಗ ಎಫ್ರಾಯಿನ್ ಕೂಡ ಮೂರು ಸಲ ಕೈ ತೊಳೆಯುತ್ತಾನೆ.

ಮಿಗ್ದಾಲಿಯಾರ ಎಂಬತ್ತಾರು ವರ್ಷದ ತಾಯಿ ಎವುಲೋಹಿಯಾಗೆ ಇದೇನೂ ಗೊತ್ತಿಲ್ಲ. ಮಗಳು ಮಾತ್ರೆಗಳ ಫೋಟೊ ತೆಗೆಯುತ್ತಾಳೆ ಎಂದು ನೆರೆಯವರಿಗೆ ಹೇಳಿಕೊಂಡು, ಜಗಲಿಯಲ್ಲಿ ಕೂತು ಬ್ರೆಡ್ಡಿನ ಚಾಕುವಿನಿಂದ ಮಾತ್ರೆ ಮುರಿಯುತ್ತಾರೆ.

"ಬೆಣ್ಣೆಯಕ್ಕ ಅಂತಲೇ ಕರೀಲಿ ಬಿಡಿ," ಎನ್ನುತ್ತಾರೆ ಮಿಗ್ದಾಲಿಯಾ. "ಅಮ್ಮ ಯಾವ ಚೂರು ಎತ್ಕೊಂಡ್ರೂ ನಂಗೆ ಭಯ ಆಗಬಾರದು, ಅಷ್ಟೇ."